ಈಗ ಆ ಕೆಲಸ ಯಾರು ಮಾಡ್ತಾರ?

ಕಳೆದ ತಿಂಗಳು ಒಂದು ಮಂಗಳವಾರ ಮಧ್ಯಾಹ್ನ ನಮ್ಮ ಪತ್ರಿಕೆಯ ನಿಧನವಾರ್ತೆಯ ವಾಟ್ಸಾಪ್ ನಂಬರಿಗೆ ಒಂದು ಫೋಟೊ ಬಂತು. ಕೆಳಗೆ ಮೂರು ಸಾಲು. ವಿಲೆ ಪಾರ್ಲೆ ಪೂರ್ವದ ನಿವಾಸಿ, ಅರವತ್ತೊಂದು ವರ್ಷ, ಪತಿ ಮತ್ತು ಮಗಳನ್ನು ಅಗಲಿದ್ದಾರೆ. ಆ ನಂಬರನ್ನು ನೋಡಿಕೊಳ್ಳುವ ಹುಡುಗಿ ಫೋಟೊ ದೊಡ್ಡದು ಮಾಡಿ ಮೊಬೈಲನ್ನು ನನ್ನ ಕಡೆ ತಿರುಗಿಸಿದಳು.

"ಸರ್, ಇವರು ನಮ್ಮ ಆಫೀಸಲ್ಲೇ ಇದ್ರಂತೆ. ನಿಮಗೆ ಪಹಚಾನ್ ಇದೆಯಾ?"

ಇತ್ತು. ಆ ನಂಬರನ್ನು ಶುರು ಮಾಡಿದವರೇ ಅವರು. ಹುಡುಗಿ ಕುಳಿತಿದ್ದದ್ದು ಅವರ ಮೇಜಿನಲ್ಲಿ.

ಮರುದಿನದ ಪತ್ರಿಕೆಯಲ್ಲಿ ಅವರ ಹೆಸರು, ಊರು, ವಯಸ್ಸು ಎಲ್ಲ ಅಚ್ಚಾಗಿದೆ. ಇಲ್ಲಿ ಹೆಸರು ಬರೆಯುವುದಿಲ್ಲ. ಕಚೇರಿಯಲ್ಲಿ ಅವರನ್ನು ಹೆಸರು ಹಿಡಿದು ಕರೆದವರೂ ಇಲ್ಲ. ವಿಜಯಪುರದ ಕಡೆಯವರು, ಅಲ್ಲಿಯ ರೂಢಿಯಂತೆ ನಮಗೆಲ್ಲ ಅಕ್ಕಾರು. ಮಾಲೀಕರಿಂದ ಹಿಡಿದು ಚಹಾ ತರುವವನವರೆಗೆ ಎಲ್ಲರೂ ಹಾಗೇ ಕರೆಯುತ್ತಿದ್ದರು. ಬಾಂದ್ರಾ ಪೂರ್ವದ ಒಂದು ಹಳೇ ಕಟ್ಟಡದ ಎರಡನೇ ಮಹಡಿಯಲ್ಲಿ, ಮುಂಬಯಿಯ ಕನ್ನಡಿಗರಿಗಾಗಿ ಹೊರಡುವ ನಮ್ಮ ಸಣ್ಣ ದಿನಪತ್ರಿಕೆಯಲ್ಲಿ, ಅವರು ಇಪ್ಪತ್ತೇಳು ವರ್ಷ ಉಪಸಂಪಾದಕಿಯಾಗಿದ್ದರು. ನಾನು ಸೇರಿದಾಗ ಅವರಿಗೆ ಅಲ್ಲಿ ಎಂಟು ವರ್ಷವಾಗಿತ್ತು. ನನಗೆ ಕೆಲಸ ಕಲಿಸಿದವರು ಅವರು.

ಅವರ ಬಗ್ಗೆ ಮೊದಲು ಹೇಳಬೇಕಾದದ್ದು, ಅವರು ಕೂರುತ್ತಿರಲಿಲ್ಲ ಎಂಬುದು. ಪುಟದ ಪ್ರಿಂಟ್ ಬಂದ ಕೂಡಲೇ ಅದನ್ನು ಉಕ್ಕಿನ ಕಪಾಟಿನ ಬಾಗಿಲಿಗೆ ಅಂಟಿಸಿ, ಎರಡು ಹೆಜ್ಜೆ ಹಿಂದೆ ನಿಂತು, ಕೆಂಪು ಪೆನ್ಸಿಲ್ ಹಿಡಿದು ಓದುತ್ತಿದ್ದರು. ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಾ, ಆಗಾಗ ಮುಂದೆ ಹೋಗಿ ಗೆರೆ ಎಳೆದು ಮತ್ತೆ ಹಿಂದೆ ಬರುತ್ತಾ. ಅವರ ಕುರ್ಚಿಯಲ್ಲಿ ಯಾವಾಗಲೂ ಅವರ ಚೀಲ ಕೂತಿರುತ್ತಿತ್ತು. ನಾನು ಸೇರಿದ ಮೊದಲ ವಾರ ಪುಟವನ್ನು ಮೇಜಿನ ಮೇಲೆ ಹರಡಿಕೊಂಡು ಓದುತ್ತಿದ್ದೆ. ಹಿಂದಿನಿಂದ ಬಂದು ಹಾಳೆಯನ್ನು ಎತ್ತಿಕೊಂಡರು.

"ಕುಂತ್ ಓದಿದ್ರ ತಪ್ಪೂ ನಮ್ಮ ಜೋಡಿ ಕುಂತ್ ಬಿಡ್ತಾವ, ತಮ್ಮಾ. ನಿಂತ್ ಓದು. ಆವಾಗ ಎದ್ದ್ ಬರ್ತಾವ."

ನಾನು ತುಮಕೂರಿನ ಕಡೆಯವನು. ಮೊದಮೊದಲು ಅವರ ಮಾತು ಬೈಗುಳವೋ ಬುದ್ಧಿಮಾತೋ ತಿಳಿಯುತ್ತಿರಲಿಲ್ಲ. ಎರಡೂ ಒಂದೇ ಎಂದು ಆಮೇಲೆ ತಿಳಿಯಿತು.

ಎರಡನೇ ತಿಂಗಳಲ್ಲಿ ನಾನು ದೊಡ್ಡದೊಂದು ತಪ್ಪು ಮಾಡಿದೆ. ನಮ್ಮಂಥ ಪತ್ರಿಕೆಯಲ್ಲಿ ಮಾತ್ರ ಆಗಬಹುದಾದ ತಪ್ಪು. ನಮಗೆ ಬರುವ ಫೋಟೊಗಳಲ್ಲಿ ಅರ್ಧ ಸನ್ಮಾನದವು, ಅರ್ಧ ನಿಧನದವು. ಎರಡಕ್ಕೂ ಜನ ಒಂದೇ ಥರದ ಫೋಟೊ ಕಳಿಸುತ್ತಾರೆ: ಕೋಟು, ಹಿಂದೆ ನೀಲಿ ಪರದೆ, ಗಂಭೀರ ಮುಖ. ಹಿಂದಿನ ದಿನ ಸನ್ಮಾನಗೊಂಡಿದ್ದ ಒಬ್ಬ ಹೋಟೆಲ್ ಮಾಲೀಕರನ್ನು ನಾನು ನಿಧನದ ಕಾಲಮಿಗೆ ಹಾಕಿಬಿಟ್ಟೆ. ಆ ಪುಟವನ್ನು ಕೊನೆಗೆ ನೋಡಿದವರು ಅಕ್ಕಾರು. ಬೆಳಿಗ್ಗೆ ಫೋನಿನ ಮೇಲೆ ಫೋನು. ಅವರೇ ಆ ಮಾಲೀಕರಿಗೆ ಫೋನು ಹಚ್ಚಿ, "ಸಾಹೇಬ್ರ, ತಪ್ಪ ನಮ್ದು. ಆದ್ರ ನಿಮ್ಮ ಆಯುಷ್ಯ ಹೆಚ್ಚಾತ್ ತಿಳೀರಿ. ಇನ್ನ ಹತ್ತ್ ವರ್ಷ ನಮ್ಮ ಪೇಪರಿನ್ಯಾಗ ನಿಮ್ಮ ಫೋಟೊ ಬರಬೇಕಾದ್ರ ಸನ್ಮಾನಕ್ಕೇ ಬರಬೇಕು" ಎಂದರು. ಆ ಕಡೆಯವರು ನಕ್ಕರು. ವ್ಯವಸ್ಥಾಪಕರು ನಗಲಿಲ್ಲ. ಇಬ್ಬರಿಗೂ ಐನೂರು ಐನೂರು ರೂಪಾಯಿ ದಂಡ ಹಾಕಿದರು. ಆ ಕಚೇರಿಯಲ್ಲಿ ನಮ್ಮಿಬ್ಬರ ಹೆಸರಿನ ಮುಂದೆ ಸಮನಾಗಿ ಬಿದ್ದ ಮೊದಲ ಮೊತ್ತ ಅದೇ ಎಂದು ಬಹಳ ವರ್ಷಗಳ ಮೇಲೆ ಅವರೇ ಹೇಳಿದರು.

ನಿಧನವಾರ್ತೆ ಅವರ ವಿಭಾಗ. ಬೇರೆಯವರು ಅದನ್ನು ಕೆಳದರ್ಜೆಯ ಕೆಲಸ ಎಂದುಕೊಂಡಿದ್ದರು. ಓದುಗರು ಮಾತ್ರ ಪತ್ರಿಕೆಯನ್ನು ಆ ಪುಟದಿಂದಲೇ ತೆರೆಯುತ್ತಿದ್ದರು. ಗಂಡಸು ತೀರಿಕೊಂಡರೆ ಮನೆಯವರು ಪಟಪಟನೆ ಹೇಳುತ್ತಿದ್ದರು: ಇಂಥ ಹೋಟೆಲು, ಇಂಥ ಬ್ಯಾಂಕು, ಇಂಥ ಸಂಘದ ಮಾಜಿ ಖಜಾಂಚಿ. ಹೆಂಗಸಾದರೆ, "ಏನೂ ಇಲ್ಲ, ಮನೆಯಲ್ಲೇ ಇದ್ದರು" ಎಂದು ಮುಗಿಸುತ್ತಿದ್ದರು. ಅಕ್ಕಾರು ಅಲ್ಲಿಗೆ ಫೋನ್ ಇಡುತ್ತಿರಲಿಲ್ಲ. ನಿಂತಲ್ಲೇ, ಫೋನಿನ ವೈರು ಬಿಡುವಷ್ಟು ದೂರ ಅತ್ತಿತ್ತ ನಡೆಯುತ್ತಾ ಮೂರು ಪ್ರಶ್ನೆ ಕೇಳುತ್ತಿದ್ದರು. ಯಾವಾಗಲೂ ಅವೇ ಮೂರು, ಅದೇ ಕ್ರಮದಲ್ಲಿ.

"ಮುಂಜಾನೆ ಎಷ್ಟಕ್ಕ ಏಳ್ತಿದ್ರು?"

"ಎದ್ದ್ ಏನ್ ಮಾಡ್ತಿದ್ರು?"

"ಈಗ ಆ ಕೆಲಸ ಯಾರು ಮಾಡ್ತಾರ, ಅವ್ರಿಗೆ ಏನ್ ಕೊಡ್ತೀರಿ?"

ಮೂರನೆಯದಕ್ಕೆ ಬರುವಷ್ಟರಲ್ಲಿ ಆ ಕಡೆ ಮಾತು ನಿಲ್ಲುತ್ತಿತ್ತು. ದಾದರಿನ ಒಂದು ಹೋಟೆಲಿನ ಮಾಲೀಕರ ತಾಯಿ ತೀರಿಕೊಂಡಾಗ ಹೀಗೇ ಕೇಳಿ ಕೇಳಿ ಹೊರಬಿದ್ದದ್ದು: ಆ ತಾಯಿ ಬೆಳಿಗ್ಗೆ ನಾಲ್ಕಕ್ಕೆ ಎದ್ದು ಹೋಟೆಲಿನ ಸಾಂಬಾರಿಗೆ ಬೇಕಾದ ಮಸಾಲೆ ಅಷ್ಟನ್ನೂ ತಾವೇ ಹುರಿದು ಪುಡಿ ಮಾಡುತ್ತಿದ್ದರು, ಇಪ್ಪತ್ತಾರು ವರ್ಷ. ಕೈಲಾಗದೆ ಹೋದ ಮೇಲೆ ಆ ಕೆಲಸಕ್ಕೆ ಇಬ್ಬರು ಗಂಡಾಳುಗಳನ್ನು ಸಂಬಳಕ್ಕೆ ಇಟ್ಟುಕೊಂಡಿದ್ದರು. ಅಕ್ಕಾರು ಅದನ್ನು ಹಾಗೇ ಬರೆದರು. ಮಗ ಮರುದಿನ ಕಚೇರಿಗೇ ಬಂದ.

"ನಮ್ಮ ಅಮ್ಮನನ್ನು ಕೆಲಸದವಳ ಹಾಗೆ ಬರ್ದದ್ದು ಯಾಕೆ ನೀವು? ನಮಗೆ ಮರ್ಯಾದೆ ಇಲ್ವಾ?"

"ಸುಳ್ಳ್ ಬರದೇನೇನ್ರಿ?"

"ಸುಳ್ಳಲ್ಲ. ಆದ್ರೆ ಅದೆಲ್ಲ ಬರೀಲಿಕ್ಕೆ ಉಂಟಾ?"

ಅವನು ಮೂರು ತಿಂಗಳು ಜಾಹೀರಾತು ನಿಲ್ಲಿಸಿದ. ಆದರೆ ಅದೇ ವಾರ ಅವನ ತಂಗಿ ಬಂದು ಆ ದಿನದ ಪತ್ರಿಕೆಯ ಐದು ಪ್ರತಿ ಕೇಳಿದಳು. ಅಕ್ಕಾರು ಆರು ಕೊಟ್ಟರು. "ಒಂದ್ ನಿಮ್ಮಣ್ಣನ ಗಲ್ಲಾದ ಮ್ಯಾಲ ಇಟ್ಟ್ ಬರ್ರಿ" ಎಂದರು.

ಇಷ್ಟೆಲ್ಲ ಕೇಳುತ್ತಿದ್ದವರು ತಮ್ಮ ಬಗ್ಗೆ ಏನೂ ಕೇಳಿಕೊಂಡವರಲ್ಲ. ಪ್ರತಿ ಮಾರ್ಚ್ ಎಂಟಕ್ಕೆ ನಮ್ಮ ಪುರವಣಿಯಲ್ಲಿ ಹೆಣ್ಣು ಗಂಡಿಗೆ ಸಮಾನ ವೇತನ ಸಿಗಬೇಕೆಂಬ ಬಗ್ಗೆ ಒಂದು ಲೇಖನ ಇರುತ್ತಿತ್ತು. ಬರೆಯುತ್ತಿದ್ದವನು ನಾನು. ತಿದ್ದುತ್ತಿದ್ದವರು ಅವರು. ಕಾಯ್ದೆ ಏನು ಹೇಳುತ್ತದೆ ಎಂಬ ಪ್ಯಾರಾವನ್ನು ಪ್ರತಿ ವರ್ಷ ಕಪಾಟಿನ ಬಾಗಿಲಿನ ಮೇಲೆ ನಾವಿಬ್ಬರೂ ಓದಿದ್ದೇವೆ. ನಮ್ಮಿಬ್ಬರ ಸಂಬಳ ಎಷ್ಟೆಂದು ಒಬ್ಬರಿಗೊಬ್ಬರು ಹೇಳಿಕೊಂಡಿರಲಿಲ್ಲ. ಯಾರೂ ಹೇಳಿಕೊಳ್ಳುತ್ತಿರಲಿಲ್ಲ. ಯಾರ ಮಗಳ ಮದುವೆಗೆ ಎಷ್ಟು ಖರ್ಚಾಯಿತು, ಯಾರ ಶುಗರ್ ಎಷ್ಟಿದೆ, ಎಲ್ಲ ಎಲ್ಲರಿಗೂ ಗೊತ್ತು. ಸಂಬಳ ಮಾತ್ರ ಗೊತ್ತಿಲ್ಲ.

ಗೊತ್ತಾದದ್ದು ನನ್ನ ಮನೆಯ ಸಾಲದಿಂದ. ನಾನು ಸೇರಿ ಹದಿಮೂರು ವರ್ಷವಾಗಿತ್ತು. ಬಾಡಿಗೆಗಿದ್ದ ವಸಾಯಿಯಲ್ಲೇ ಒಂದು ಸಣ್ಣ ಫ್ಲ್ಯಾಟಿಗೆ ಸಾಲದ ಅರ್ಜಿ ಹಾಕಿದ್ದೆ. ಅರ್ಜಿಯಲ್ಲಿ ಹೇಳಿದ ಸಂಬಳ ನಿಜವೇ ಎಂದು ಬ್ಯಾಂಕಿನವರು ಕಚೇರಿಗೆ ಫೋನ್ ಮಾಡಿ ವಿಚಾರಿಸುತ್ತಾರೆ. ನಮ್ಮ ಸಂಪಾದಕೀಯ ವಿಭಾಗಕ್ಕೆ ಇದ್ದದ್ದು ಒಂದೇ ಫೋನು, ನಿಧನವಾರ್ತೆಯದು. ಎತ್ತಿದವರು ಅಕ್ಕಾರು. ಆ ಕಡೆಯವನು ಹಿಂದಿಯಲ್ಲಿ ನನ್ನ ಹೆಸರು ಹೇಳಿ, ಸಂಬಳದ ಮೊತ್ತ ಹೇಳಿ, ಸರಿಯೇ ಎಂದು ಕೇಳಿದ. ಅವರು ಫೋನನ್ನು ವ್ಯವಸ್ಥಾಪಕರ ಕೋಣೆಗೆ ದಾಟಿಸಿದರು. ನಾನು ಚಹಾ ಕುಡಿದು ಬಂದಾಗ ಕಪಾಟಿನ ಮುಂದೆ ನಿಂತಿದ್ದರು. ಬಾಗಿಲಿನ ಮೇಲೆ ಪುಟ ಇರಲಿಲ್ಲ.

"ನಿನ್ನ ಬ್ಯಾಂಕಿನಾಂವ ಫೋನ್ ಮಾಡಿದ್ದ" ಎಂದರು. ಮೊತ್ತವನ್ನು ಒಂದು ರೂಪಾಯಿ ಹೆಚ್ಚುಕಡಿಮೆ ಇಲ್ಲದೆ ಹೇಳಿದರು. "ಖರೇನು?"

"ಹೌದು."

"ನನಗಿಂತ ಒಂಬತ್ತ್ ಸಾವಿರ ಜಾಸ್ತಿ." ಸ್ವರ ಏರಲಿಲ್ಲ. "ರಾತ್ರಿ ಪಾಳಿ ಭತ್ಯೆ ಇದರಾಗ ಕೂಡೇತೇನು?"

"ಇಲ್ಲ. ಅದು ಬೇರೆ."

ಕೆಂಪು ಪೆನ್ಸಿಲನ್ನು ಬೆರಳಿನಲ್ಲಿ ತಿರುಗಿಸಿದರು. ಆಮೇಲೆ, "ಬಾಯಿಲೆ ಹೇಳಿದ್ರ ಇಲ್ಲಿ ಯಾರೂ ಕೇಳೂದಿಲ್ಲ. ನಿನ್ನ ಪಗಾರದ ಸ್ಲಿಪ್ಪಿಂದು ಒಂದ್ ಝೆರಾಕ್ಸ್ ಕೊಡು. ನಾ ಮಾತಾಡ್ತೇನಿ" ಎಂದರು.

ಕೊಡುತ್ತೇನೆ ಎಂದೆ. ಕೊಡಲಿಲ್ಲ.

ಒಂದು ವಾರ ಮರೆತೆ ಎಂದೆ. ಎರಡನೇ ವಾರ ಝೆರಾಕ್ಸ್ ಅಂಗಡಿ ಮುಚ್ಚಿತ್ತು ಎಂದೆ. ಮೂರನೇ ವಾರ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಪುಟ ಓದುವಾಗ ಪಕ್ಕ ಪಕ್ಕ ನಿಲ್ಲುತ್ತಿದ್ದೆವು. ನನಗೆ ಆ ದಿನಗಳಲ್ಲಿ ಲೋಕಲ್‌ನಲ್ಲಿ ಸೀಟು ಸಿಕ್ಕರೂ ಕೂರಲು ಆಗುತ್ತಿರಲಿಲ್ಲ. ಬಾಗಿಲ ಬಳಿ ನಿಂತು ವಸಾಯಿಯವರೆಗೆ ಹೋಗುತ್ತಿದ್ದೆ. ನನ್ನ ಲೆಕ್ಕ ಸರಳವಾಗಿತ್ತು: ಸಾಲ ಮಂಜೂರಾಗುವ ತನಕ ವ್ಯವಸ್ಥಾಪಕರನ್ನು ಎದುರು ಹಾಕಿಕೊಳ್ಳಬಾರದು.

ಮೂರನೇ ವಾರದ ಕೊನೆಗೆ ಅವರು ಕಾಗದವಿಲ್ಲದೆಯೇ ಒಳಗೆ ಹೋದರು. ಹತ್ತು ನಿಮಿಷದ ಮೇಲೆ ವ್ಯವಸ್ಥಾಪಕರು ನನ್ನನ್ನೂ ಕರೆಸಿದರು. ಉಡುಪಿಯ ಕಡೆಯ ಸೌಮ್ಯ ಮನುಷ್ಯ. ಕೆಟ್ಟವರಲ್ಲ. ಅವರು ಕೂತಿದ್ದರು, ಅಕ್ಕಾರು ನಿಂತಿದ್ದರು, ಅವರ ಮುಂದೆ ಖಾಲಿ ಕುರ್ಚಿ ಇತ್ತು.

"ಒಂಬತ್ತು ಸಾವಿರ ವ್ಯತ್ಯಾಸ ಉಂಟು ಹೇಳ್ತಾರೆ ಅಕ್ಕ. ಕಾಗದ ಎಲ್ಲಿ ಅಂತ ಕೇಳಿದ್ರೆ ಇಲ್ಲ. ಬಾಯಿಮಾತನ್ನು ನಾನು ಮಾಲೀಕರ ಹತ್ರ ಹೇಳುದು ಹೇಗೆ ಮಾರಾಯ್ರೆ? ನೀನೇ ಹೇಳು, ನಿಂದು ಎಷ್ಟು, ಅವರದ್ದು ಎಷ್ಟು ಅಂತ ನಿನಗೆ ಗೊತ್ತುಂಟಾ?"

ಸ್ಲಿಪ್ಪು ನನ್ನ ಚೀಲದಲ್ಲಿತ್ತು, ಬ್ಯಾಂಕಿನ ಫೈಲಿನಲ್ಲಿ. ಚೀಲ ಹೆಗಲಲ್ಲೇ ಇತ್ತು.

"ಅವರದ್ದು ನನಗೆ ಗೊತ್ತಿಲ್ಲ ಸರ್" ಎಂದೆ. ಅವರ ಸ್ಲಿಪ್ಪನ್ನು ನಾನು ನೋಡಿರಲಿಲ್ಲ, ಅಷ್ಟರ ಮಟ್ಟಿಗೆ ಅದು ನಿಜ. ಅಕ್ಕಾರು ನನ್ನ ಕಡೆ ಒಮ್ಮೆ ನೋಡಿದರು, ತಪ್ಪಿರುವ ಸಾಲನ್ನು ನೋಡುವ ಹಾಗೆ. ಗೆರೆ ಎಳೆಯಲಿಲ್ಲ.

ವ್ಯವಸ್ಥಾಪಕರಿಗೆ ಸಮಾಧಾನವಾಯಿತು. ಮೇಜಿನ ಡ್ರಾಯರಿನಿಂದ ಉದ್ದನೆಯ ಹಾಳೆಯೊಂದನ್ನು ತೆಗೆದರು. ವರ್ಷಕ್ಕೊಮ್ಮೆ ಯಾರಿಗೆ ಎಷ್ಟು ಸಂಬಳ ಏರಿಸಬೇಕೆಂದು ವಿಭಾಗದ ಮುಖ್ಯಸ್ಥರು ಕೈಯಲ್ಲಿ ಬರೆದು ಕೊಡುವ ತಖ್ತೆ. ಅದರ ಕೊನೆಯ ಕಲಂ ಷರಾ.

"ವ್ಯತ್ಯಾಸ ಇದ್ರೂ ಸುಮ್ನೆ ಇರುದಿಲ್ಲ ಅಕ್ಕ, ಕಾರಣ ಇರ್ತದೆ. ನೋಡಿ, ನಿಮ್ಮ ಷರಾದಲ್ಲಿ ಎಂತ ಉಂಟು? ಪತಿ ಉದ್ಯೋಗಿ. ಯಜಮಾನರು ಏರ್‌ಪೋರ್ಟ್ ಕಾರ್ಗೋದಲ್ಲಿ ಇದ್ದಾರೆ, ನೀವೇ ಸೇರುವಾಗ ಬರೆದು ಕೊಟ್ಟದ್ದು. ಇವನದು ನೋಡಿ: ಕುಟುಂಬಸ್ಥ, ತಂದೆ ತಾಯಿ ಅವಲಂಬಿತರು. ಈಗ ಮನೆ ಸಾಲ ಬೇರೆ. ಇವನಿಗೆ ಹೆಚ್ಚು ಬೇಕಲ್ವಾ? ಅಲ್ಲ, ನಿಮಗೂ ಮನೆಯಲ್ಲಿ ಏನಾದ್ರೂ ತೊಂದರೆ ಇದ್ರೆ ಹೇಳಿ. ಷರಾ ಬದಲು ಮಾಡುವ. ಮಾಲೀಕರು ಇಲ್ಲ ಹೇಳ್ಲಿಕ್ಕಿಲ್ಲ."

ನಿಜವಾದ ಕರುಣೆಯಿಂದಲೇ ಕೇಳಿದರು. ಅಕ್ಕಾರು ಖಾಲಿ ಕುರ್ಚಿಯನ್ನು ಮೇಜಿನ ಕಡೆಗೆ ತಳ್ಳಿದರು.

"ಮನ್ಯಾಗ ಏನೂ ತ್ರಾಸ ಇಲ್ರಿ" ಎಂದರು. "ನಾ ತ್ರಾಸ ಹೇಳಾಕ ಬಂದಿಲ್ಲ. ಪಗಾರ ಕೇಳಾಕ ಬಂದೇನಿ."

"ಹಾಗಾದ್ರೆ ಕಾಗದ ತನ್ನಿ, ನೋಡುವ."

ಹೊರಗೆ ಬಂದು ಚೀಲವನ್ನು ಕುರ್ಚಿಯಿಂದ ಎತ್ತಿಕೊಂಡರು. ಸಂಜೆ ಆರು. "ಸ್ಟೇಷನ್ ತನಕ ಬಾ" ಎಂದರು.

ಅಕ್ಕಾರ ನಡಿಗೆ ಜೋರು. ಬಾಂದ್ರಾ ಸ್ಟೇಷನ್ನಿನ ಸ್ಕೈವಾಕ್ ಮೇಲೆ ಎದುರಿನಿಂದ ಬರುವ ಜನರನ್ನು ಭುಜದಲ್ಲಿ ಸರಿಸಿಕೊಂಡು ಹೋಗುವವರು. ಪಾರ್ಲೆಗೆ ಮೂರೇ ಸ್ಟೇಷನ್, ಆದರೂ ಒಂದು ಸ್ಲೋ ಲೋಕಲ್ ತಪ್ಪಿದರೆ ಸೊತ್ತು ಕಳೆದುಕೊಂಡವರಂತೆ ಆಡುತ್ತಿದ್ದರು. ಆ ಸಂಜೆ ಪ್ಲಾಟ್‌ಫಾರಂ ಮೇಲಿನ ಸೇತುವೆಯಲ್ಲಿ ಕಂಬಿ ಹಿಡಿದು ನಿಂತರು. ಕೆಳಗೆ ಒಂದು ಬೊರಿವಲಿ ಸ್ಲೋ ಬಂತು, ಹೋಯಿತು.

"ನಮ್ಮವರು ಏರ್‌ಪೋರ್ಟಿನ್ಯಾಗ ಇಲ್ಲ" ಎಂದರು. "ಆರ್ ವರ್ಷ ಆತು. ಕಂಪನಿ ಕಾರ್ಗೋ ಮುಚ್ಚಿತು, ಎಲ್ಲಾರನೂ ತಗದ್ರು. ಮತ್ತ ಎಲ್ಲೂ ಹತ್ತಲಿಲ್ಲ. ಬಿಲ್ಡಿಂಗಿನ್ಯಾಗ ಯಾರಿಗೂ ಗೊತ್ತಿಲ್ಲ. ಹಾಲ ತರಾಕ ಹೋದ್ರೂ ಏರ್‌ಪೋರ್ಟ್ ಪಾಸಿನ ರಿಬ್ಬನ್ ಕೊರಳಿಗೆ ಹಾಕ್ಕೊಂಡ ಹೋಗ್ತಾರ."

ಇನ್ನೊಂದು ಲೋಕಲ್ ಬಂತು. "ಅಲ್ಲೇ ಹೇಳಬಹುದಿತ್ತಲ್ಲ ಅಕ್ಕಾರೆ. ಕೊಡ್ತಿದ್ದರು."

"ಕೊಡ್ತಿದ್ರು. ಇವರಿಗೆ ನೌಕರಿ ಸಿಕ್ಕ ಮರುದಿನ ತಕ್ಕೊಂತಿದ್ರು." ಕಂಬಿಯನ್ನು ಬೆರಳಿನಿಂದ ಬಡಿಯುತ್ತಿದ್ದರು. "ಇವರ ನೌಕರಿ ಹೋತಂತ ನನ್ನ ಪಗಾರ ಏರೂದು, ಬಂತಂತ ಇಳಿಯೂದು. ಹಂಗಾರ ಅದು ಇವರ ಪಗಾರ ಆತಲ್ಲಪಾ, ನಂದ್ ಹೆಂಗಾತು? ನಾ ಕಪಾಟಿನ ಮುಂದ ನಿಂತದ್ದು ಯಾವ ಕಲಂನ್ಯಾಗ ಬರದಾರ?"

"ಅವರಿಗೆ ಗೊತ್ತಾ, ನೀವು ಕೇಳಿದ್ದು?"

"ಯಾರಿಗೆ, ನಮ್ಮವರಿಗೆ? ಅವರಂತೂ ಖರೇ ಹೇಳಿಬಿಡು ಅಂತಾರ. ನಾನ ಬ್ಯಾಡಂದೇನಿ."

ಮೂರನೇ ಲೋಕಲ್ ಬರುವ ಸೂಚನೆ ಕೇಳಿತು. ಅವರು ಚೀಲವನ್ನು ಹೆಗಲಿಗೇರಿಸಿದರು.

"ನೀ ಸುಮ್ಮನ ಇದ್ದದ್ದಕ್ಕ ನನಗ ಸಿಟ್ಟಿಲ್ಲ. ಲೋನ್ ಪಾಸ್ ಆಗ್ಲಿ ಅಂತ ಕಾದಿ, ಹೌದಿಲ್ಲೊ?"

"ಹೌದು."

"ಆತೇನು?"

"ಮೊನ್ನೆ ಆಯಿತು."

"ಹಂಗಾರ ಈಗ ಏನ್ ಕಾಯಾಕತ್ತಿ?"

ಇಷ್ಟು ಹೇಳಿ ಮೆಟ್ಟಿಲಿಳಿದು ಲೇಡೀಸ್ ಡಬ್ಬಿಯ ಗುಂಪಿನಲ್ಲಿ ಸೇರಿಹೋದರು. ನಾನು ಆ ಸೇತುವೆಯ ಮೇಲೆ ಎಷ್ಟು ಹೊತ್ತು ನಿಂತಿದ್ದೆನೋ ಬರೆದಿಟ್ಟುಕೊಂಡಿಲ್ಲ. ಕಚೇರಿಗೆ ವಾಪಸು ಬಂದಾಗ ಏಳೂವರೆ ದಾಟಿತ್ತು.

ಮರುದಿನ ಸ್ಲಿಪ್ಪು ಕೊಟ್ಟೆ. ಅಕ್ಕಾರು ಧನ್ಯವಾದ ಹೇಳಲಿಲ್ಲ. ಅದನ್ನು ಕಪಾಟಿನ ಬಾಗಿಲಿಗೆ ಒತ್ತಿ ಹಿಡಿದು ಮೇಲಿನಿಂದ ಕೆಳಗೆ ಓದಿದರು. "ಕೆಳಗ ಸಹಿ ಮಾಡು. ತಾರೀಖು ಹಾಕು. ನಾ ಕದ್ದ್ ತಂದೇನಿ ಅಂತ ಆಗಬಾರದು."

ಆಮೇಲಿನ ಹನ್ನೊಂದು ತಿಂಗಳು ಕಾಗದದ ಕೆಲಸ. ಅವರು ಮಾಲೀಕರಿಗೆ ಆರು ಪತ್ರ ಬರೆದರು. ಎಲ್ಲವೂ ಒಂದೇ ಪುಟದವು, ಎಲ್ಲದರಲ್ಲೂ ಒಂದೇ ಬೇಡಿಕೆ. ಮನೆಯ ವಿಷಯ ಒಂದರಲ್ಲೂ ಇರಲಿಲ್ಲ. ಕಾರ್ಮಿಕ ಇಲಾಖೆಗೆ ಹೋಗುತ್ತೇನೆ ಎಂದು ಐದನೆಯದರಲ್ಲಿ ಬರೆದರು, ಆರನೆಯದರಲ್ಲಿ ಹೋಗುವ ದಿನಾಂಕ ಬರೆದರು. ಆ ದಿನಕ್ಕೆ ನಾಲ್ಕು ದಿನ ಮುಂಚೆ ಮಾಲೀಕರು ಅವರ ಸಂಬಳವನ್ನು ನನ್ನದಕ್ಕೆ ಸಮ ಮಾಡಿದರು. ಹಿಂದಿನ ವರ್ಷಗಳ ಬಾಕಿ ಕೊಡಲಿಲ್ಲ. ಜೊತೆಗೇ ಒಂದು ಸುತ್ತೋಲೆ ಹೊರಟಿತು: ಸಂಬಳದ ವಿವರವನ್ನು ಸಹೋದ್ಯೋಗಿಗಳಿಗೆ ತಿಳಿಸುವುದು ಶಿಸ್ತಿನ ಉಲ್ಲಂಘನೆ. ಕಚೇರಿಯ ಎಲ್ಲ ಪತ್ರಗಳಂತೆ ಅದೂ ಕನ್ನಡ ತಿದ್ದಲು ಅವರ ಮೇಜಿಗೇ ಬಂತು. ಎರಡು ವಾಕ್ಯ ಸರಿಮಾಡಿ, ತಾವೇ ಹೋಗಿ ನೋಟಿಸ್ ಬೋರ್ಡಿಗೆ ಪಿನ್ನು ಚುಚ್ಚಿ ಬಂದರು. ಅದು ಈಗಲೂ ಅಲ್ಲೇ ಇದೆ.

ಆ ವರ್ಷ ನನ್ನ ಸಂಬಳ ಏರಲಿಲ್ಲ. ಯಾರೂ ಕಾರಣ ಹೇಳಲಿಲ್ಲ. ಅಕ್ಕಾರಿಗೆ ಹೇಗೋ ತಿಳಿಯಿತು. "ನಿಂದು ನಿಲ್ಲಿಸ್ಯಾರಂತ" ಎಂದು ತಮ್ಮ ಡಬ್ಬಿಯಿಂದ ಒಂದು ಶೇಂಗಾ ಹೋಳಿಗೆ ನನ್ನ ಮೇಜಿನ ಮೇಲಿಟ್ಟರು. "ತಿನ್ನು. ಈಗ ಖರೇನ ಸಮ ಆದ್ವಿ."

ಅವರನ್ನು ಹೊಗಳಿ ಮುಗಿಸಿದರೆ ಅವರೇ ಗೆರೆ ಎಳೆಯುತ್ತಿದ್ದರು. ಆಗ ನಮ್ಮಲ್ಲಿ ಪುಟವಿನ್ಯಾಸ ಮಾಡುವ ಇನ್ನೊಬ್ಬ ಹೆಂಗಸು ಇದ್ದರು, ದೊಂಬಿವಲಿಯಿಂದ ಬರುತ್ತಿದ್ದವರು. ಅವರ ಸಂಬಳ ಅಕ್ಕಾರದ್ದಕ್ಕಿಂತಲೂ ಕಡಿಮೆ. ಪತ್ರದಲ್ಲಿ ಅವರ ಹೆಸರನ್ನೂ ಸೇರಿಸಿ ಎಂದು ನಾನು ಹೇಳಿದ್ದೆ. "ಮೊದಲ ನಂದ್ ಆಗ್ಲಿ. ಇಬ್ಬರು ಕೂಡಿದ್ರ ಗುಂಪು ಅಂತಾರ" ಎಂದಿದ್ದರು. ಅಕ್ಕಾರದ್ದು ಆಗುವಷ್ಟರಲ್ಲಿ ಆಕೆ ಕೆಲಸ ಬಿಟ್ಟು ಹೋಗಿದ್ದರು. ಈ ಮಾತು ಎತ್ತಿದರೆ ಅಕ್ಕಾರು ಕಿಟಕಿಯ ಹತ್ತಿರ ಹೋಗುತ್ತಿದ್ದರು. "ಅದೊಂದ್ ನನ್ನ ತಪ್ಪು. ಪೇಪರ್ ಹೊಂಟ್ ಹೋಗೇತಿ, ಇನ್ನ ತಿದ್ದಾಕ ಬರೂದಿಲ್ಲ" ಎಂದು ಒಮ್ಮೆ ಹೇಳಿದ್ದುಂಟು.

ಮೂರು ವರ್ಷದ ಹಿಂದೆ ನಿವೃತ್ತರಾದರು. ಬೀಳ್ಕೊಡುಗೆಯಲ್ಲಿ ವ್ಯವಸ್ಥಾಪಕರು ಅವರು ಕಚೇರಿಗೇ ಅಕ್ಕನಂತಿದ್ದರು ಎಂದು ಭಾವುಕರಾಗಿ ಹೇಳಿದರು. ಅಕ್ಕಾರು ಶಾಲು ಸರಿಪಡಿಸಿಕೊಂಡು, "ಇಷ್ಟ್ ವರ್ಷ ಅಕ್ಕಾ ಅಂತ ಕರದ್ರಿ, ಛಲೋ ಆತ್ರಿ. ಅಕ್ಕಗ ಆಸ್ತಿಯೊಳಗ ಸಮಪಾಲು ಕೊಡಬೇಕಂತ ಕಾಯ್ದೆ ಬಂದೇತಿ. ಅದನ್ನಷ್ಟ ನೆನಪಿಡ್ರಿ" ಎಂದರು. ಎಲ್ಲರೂ ನಕ್ಕರು. ವ್ಯವಸ್ಥಾಪಕರೂ ನಕ್ಕರು. ಆ ವರ್ಷವೇ ವಿಭಾಗದ ಮುಖ್ಯಸ್ಥನ ಹುದ್ದೆ ನನಗೆ ಬಂತು.

ಆ ಮಂಗಳವಾರ, ಫೋಟೊ ಬಂದ ಮೇಲೆ, ನಿಧನವಾರ್ತೆಯನ್ನು ನಾನೇ ಬರೆಯುತ್ತೇನೆಂದು ಹುಡುಗಿಗೆ ಹೇಳಿ ಅವರ ಪತಿಗೆ ಫೋನು ಮಾಡಿದೆ. ನಾನು ಅವರನ್ನು ಎರಡು ಸಲ ನೋಡಿದ್ದೆ ಅಷ್ಟೆ. ಸಂತಾಪ ಹೇಳಿದ ಮೇಲೆ ನನಗೆ ಬೇರೆ ಪ್ರಶ್ನೆ ತಿಳಿಯಲಿಲ್ಲ.

"ಮುಂಜಾನೆ ಎಷ್ಟಕ್ಕೆ ಏಳ್ತಿದ್ದರು?"

ಆ ಕಡೆ ಸಣ್ಣ ನಗು ಕೇಳಿತು. "ನೀವೂ ಅದನ್ನ ಕೇಳ್ತೀರೇನ್ರಿ? ನಾಕೂವರಿಗೆ."

"ಎದ್ದು ಏನು ಮಾಡ್ತಿದ್ದರು?"

"ಡಬ್ಬಿ ಕಟ್ತಿದ್ಲು. ರಿಟೈರ್ ಆದ ಮ್ಯಾಲ ಕಟ್ಟೂದ ಬಿಟ್ಲು, ಏಳೂದ ಬಿಡ್ಲಿಲ್ಲ. ಪೇಪರ್ ಬಂದ ಕೂಡ್ಲೆ ಫ್ರಿಜ್ಜಿನ ಬಾಗಲಕ್ಕ ಹಚ್ಚಿ ಓದೂದು. ಕೆಂಪ್ ಗೆರಿ ಹಾಕಿದ ಪೇಪರ್ ಒಂದ್ ಗಂಟ್ ಅದಾವ ಇಲ್ಲಿ. ನಿಮ್ಮ ತಪ್ಪ ಭಾಳ ಅದಾವಂತ್ರಿ. ಒಂದ್ ಬರ್ಕೊಳ್ರಿ. ಹದಿನೈದು ವರ್ಷ ಈ ಮನಿ ಆಕಿ ದುಡಿಮಿ ಮ್ಯಾಲ ನಡದೇತಿ. ನಾ ಏರ್‌ಪೋರ್ಟಿನ್ಯಾಗ ಇದ್ದಿಲ್ಲ. ಆಕಿ ಇರೂತನಾ ಹೇಳಾಕ ಬಿಡ್ಲಿಲ್ಲ. ಈಗ ಬರೀರಿ, ಬಿಲ್ಡಿಂಗಿನ ಮಂದಿನೂ ಓದ್ಲಿ."

ಬರೆದುಕೊಂಡೆ. ಮೂರನೇ ಪ್ರಶ್ನೆಯನ್ನು ಆ ಮನೆಗೆ ಕೇಳುವ ಧೈರ್ಯ ನನಗಾಗಲಿಲ್ಲ. ಫೋನ್ ಇಡಬೇಕು ಎನ್ನುವಾಗ ಅವರೇ ಕೇಳಿದರು.

"ಅಲ್ರಿ, ನಿಮ್ಮ ಆಫೀಸಿನ್ಯಾಗ ಈಗ ಆಕಿ ಕೆಲಸ ಯಾರು ಮಾಡ್ತಾರ?"

"ಒಬ್ಬಳು ಹುಡುಗಿ ಇದ್ದಾಳೆ. ಎರಡು ವರ್ಷ ಆಯಿತು."

"ಛಲೋ ಆತು. ಆಕಿಗೆ ಏನ್ ಕೊಡ್ತೀರಿ?"

ಆಕ್ಷೇಪಿಸುವ ಧ್ವನಿಯಲ್ಲ. ಇಷ್ಟು ವರ್ಷ ಮನೆಯಲ್ಲಿ ಕೇಳಿ ಕೇಳಿ ಅವರಿಗೂ ರೂಢಿಯಾಗಿರಬೇಕು. ನೋಡಿ ಹೇಳುತ್ತೇನೆ ಎಂದೆ. ನೋಡುವ ಅಗತ್ಯವಿರಲಿಲ್ಲ.

ಆ ಹುಡುಗಿ ಮೀರಾ ರೋಡಿನವಳು. ಮುನ್ಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಓದಿದವಳು. ಬರೆಯುವ ಕನ್ನಡ ಚೆನ್ನಾಗಿದೆ, ಮಾತು ಹಿಂದಿಗೆ ಜಾರುತ್ತದೆ. ಅವಳು ಸೇರಿದ ತಿಂಗಳಲ್ಲೇ ಬೆಳಗಾವಿಯ ಒಬ್ಬ ಹುಡುಗ ಸೇರಿದ. ಪಕ್ಕದ ಮೇಜು, ಅದೇ ಹುದ್ದೆ, ಅದೇ ಪುಟಗಳು. ಶುರುವಿನಲ್ಲಿ ಸಂಬಳವೂ ಒಂದೇ ಇತ್ತು. ಈ ವರ್ಷದ ತಖ್ತೆಯನ್ನು ಬರೆದುಕೊಟ್ಟವನು ನಾನು. ಒಂದೇ ಸಂಜೆ ಹದಿನಾಲ್ಕು ಜನರದ್ದು ಮುಗಿಸಿದ್ದೆ. ಹುಡುಗನ ಷರಾದಲ್ಲಿ ಬರೆದದ್ದು: ಬಾಡಿಗೆ ಮನೆ, ಊರಿಗೆ ಹಣ ಕಳಿಸಬೇಕು. ಅವಳದರಲ್ಲಿ: ತಂದೆ ತಾಯಿಯ ಜೊತೆ ವಾಸ, ಬಾಡಿಗೆ ಇಲ್ಲ. ವಿಚಾರಿಸಿ ಬರೆದದ್ದು, ಎರಡೂ ವಾಸ್ತವ. ಕೂತು ಬರೆದಿದ್ದೆ. ಒಂದು ತಪ್ಪೂ ಕಂಡಿರಲಿಲ್ಲ. ಏಪ್ರಿಲ್‌ನಿಂದ ಇಬ್ಬರ ಸಂಬಳದ ನಡುವೆ ಎರಡೂವರೆ ಸಾವಿರದ ವ್ಯತ್ಯಾಸವಿದೆ.

ನಿಧನವಾರ್ತೆ ಬರೆದು ಮುಗಿಸಿದೆ. ನೂರ ಹತ್ತು ಪದ. ಪತಿ ಹೇಳಿದ ಸಾಲನ್ನು ಮೊದಲ ವಾಕ್ಯಕ್ಕೆ ತಂದೆ. ಪ್ರಿಂಟ್ ತೆಗೆದು ಕಪಾಟಿನ ಬಾಗಿಲಿಗೆ ಅಂಟಿಸಿ ಓದಿದೆ. ಆಮೇಲೆ ಡ್ರಾಯರಿನಿಂದ ತಖ್ತೆಯ ನನ್ನ ಪ್ರತಿಯನ್ನು ತೆಗೆದು, ಅದನ್ನೂ ಪಕ್ಕದಲ್ಲಿ ಅಂಟಿಸಿ, ಹುಡುಗಿಯನ್ನು ಕರೆದೆ.

ಅವಳು ದೂರದಿಂದಲೇ ಅದೇನೆಂದು ಗುರುತಿಸಿದಳು. "ಸರ್, ಇದು ಕಾನ್ಫಿಡೆನ್ಶಿಯಲ್ ಅಲ್ವಾ? ನೋಟಿಸ್ ಬೋರ್ಡಲ್ಲಿ ಲಿಖಾ ಹೈ."

"ಹೌದು. ಓದು."

ಅವಳು ಹತ್ತಿರದ ಕುರ್ಚಿಯನ್ನು ಎಳೆದುಕೊಳ್ಳಲು ಹೋದಳು.

"ಕೂರಬೇಡ. ನಿಂತು ಓದು" ಎಂದೆ.

ಅವಳ ಬೆರಳು ತನ್ನ ಹೆಸರಿನ ಸಾಲನ್ನು ಹಿಡಿದು ಎಡದಿಂದ ಬಲಕ್ಕೆ ಹೋಯಿತು. ಹುಡುಗನ ಸಾಲಿಗೆ ಏರಿತು, ಮತ್ತೆ ಇಳಿಯಿತು. ಕೊನೆಯ ಕಲಮಿನಲ್ಲಿ ನಿಂತಿತು.

"ಸರ್, ಇದು ಯಾರ ಹ್ಯಾಂಡ್‌ರೈಟಿಂಗ್?"

"ನನ್ನದು" ಎಂದೆ. ಕೆಂಪು ಪೆನ್ಸಿಲನ್ನು ಅವಳ ಕೈಗೆ ಕೊಟ್ಟೆ.